ಷರಾ

ಠರಾವು ಬರೆದ ಕೈ ನನ್ನದೇ.
ಆಲ್ದೂರಿನಾಚೆ ಒಂದು ಸಣ್ಣ ಪಂಚಾಯ್ತಿ,
ಹತ್ತೂಕಾಲಿಗೆ ನಿಂತುಹೋದ ಗಡಿಯಾರ,
ಹನ್ನೊಂದು ಸದಸ್ಯರು, ಒಂದು ತಟ್ಟೆ ಖಾರಾಬೂಂದಿ.
"ಹೊರರಾಜ್ಯದ ಕೂಲಿಗಳ ದಾಖಲೆ ಪರಿಶೀಲಿಸತಕ್ಕದ್ದು,
ಇಲ್ಲದವರನ್ನು ಠಾಣೆಗೆ ಒಪ್ಪಿಸತಕ್ಕದ್ದು.
ಸರ್ವಾನುಮತದಿಂದ ಅಂಗೀಕರಿಸಲಾಯಿತು."
ಕಾರಣ ಎಂಬಲ್ಲಿ: ಸಾರ್ವಜನಿಕ ಹಿತದೃಷ್ಟಿಯಿಂದ.
ಬೀದಿನಾಯಿ ಹಿಡಿಸುವಾಗಲೂ ಅದನ್ನೇ ಬರೆದಿದ್ದೆ.

ಮಾರ್ಚ್ ಎರಡನೇ ವಾರ ಅದು.
ಕುಯ್ಲು ಮುಗಿದು, ಕಣ ಗುಡಿಸಿ,
ಕೊನೆಯ ಲಾರಿ ಕ್ಯೂರಿಂಗಿಗೆ ಹೋಗಿಯಾಗಿತ್ತು.
ಮೊದಲು ಕೈ ಎತ್ತಿದ್ದು ಉದ್ದೇಗೌಡರು,
ಲೈನಿನಲ್ಲಿ ಅರವತ್ತು ಜನರನ್ನು ಇಟ್ಟುಕೊಂಡಿದ್ದವರು.

ವಾಸಂತಿಯವರ ಪಂಪ್‌ಸೆಟ್ ಕಳುವಾಗಿತ್ತು.
(ಕದ್ದವನು ಅವರ ಮೈದುನನ ಮಗ,
ಅದು ಗೊತ್ತಾದದ್ದು ಯುಗಾದಿ ಕಳೆದ ಮೇಲೆ.)
ಶೇಷಪ್ಪನ ವಾರ್ಡಿನ ನಲ್ಲಿ ಬತ್ತಿತ್ತು,
ಬತ್ತಿದ್ದಕ್ಕೆ ಒಬ್ಬರು ಬೇಕಿತ್ತು.
ಅಧ್ಯಕ್ಷರು ಬೇರೆಯೇ ಹೇಳಿದರು:
"ಪಕ್ಕದವರು ಹೋದ ತಿಂಗಳೇ ಪಾಸು ಮಾಡಿದಾರೆ.
ಅಲ್ಲಿಂದ ಅಟ್ಟಿದೋರು ಎಲ್ಲಿಗೆ ಬರ್ತಾರೆ? ಇಲ್ಲಿಗೇ.
ಚುನಾವಣೆಗೆ ಇನ್ನೆಷ್ಟು ತಿಂಗಳು, ನೀವೇ ಎಣಿಸಿ."
ಪಕ್ಕದವರ ಠರಾವನ್ನೇ ವಾಟ್ಸಾಪಿನಲ್ಲಿ ತರಿಸಿದೆವು.
ಅವರೂ ಇನ್ಯಾರದ್ದನ್ನೋ ತರಿಸಿದ್ದರಂತೆ.
ಊರ ಹೆಸರು ತಿದ್ದಿದೆ. ಮೂರನೇ ಸಾಲಿನಲ್ಲಿ ಮರೆತೆ.

ದ್ಯಾವಮ್ಮ ಮಾತ್ರ ಬೂಂದಿ ಮುಟ್ಟಿರಲಿಲ್ಲ.
"ಇವ್ರು ಬಂದ್ಮೇಲೆ ನಮ್ ಕೂಲಿ ನಿಂತಲ್ಲೇ ನಿಂತದೆ.
ಸುಳ್ಳಲ್ಲ. ನಾನೇ ಹಣ್ಣು ಕುಯ್ಯೋಳು, ನಂಗೊತ್ತು.
ಕೂಲಿ ಏರಿಸ್ರಪ್ಪ ಅಂತ ಠರಾವು ಬರಿ ಅಂದ್ರೆ
ನಿನ್ ಪೆನ್ನು ಓಡ್ತದೇನೋ ಕಾಂತರಾಜ?"
ಗೌಡರು ಚಾವಣಿ ನೋಡಿದರು.
ನಾನು ಪೆನ್ನಿನ ಮುಚ್ಚಳ ಹುಡುಕಿದೆ.
ಸ್ವಲ್ಪ ಹೊತ್ತಾದ ಮೇಲೆ ಅವಳೂ ಕೈ ಎತ್ತಿದಳು,
ಪೂರ್ತಿ ಅಲ್ಲ, ಕಿವಿಯವರೆಗೆ.

ಭಾನುವಾರ ಲೈನಿಗೆ ಹೋದೆವು, ನಾನು, ಒಬ್ಬ ಪೇದೆ.
ಬಾರ್ಪೇಟೆಯ ಸಹೇರಾ ಖಾತೂನ್
ಅಕ್ಕಿ ಡಬ್ಬಿಯೊಳಗಿಂದ ಪ್ಲಾಸ್ಟಿಕ್ ಕವರು ತೆಗೆದಳು.
ಆಧಾರ್, ವೋಟರ್ ಕಾರ್ಡು, ಶಾಲೆಯ ಸರ್ಟಿಫಿಕೇಟು,
ಅಜ್ಜನ ಹೆಸರಿದ್ದ ಮತದಾರರ ಪಟ್ಟಿಯ ನಕಲು,
ಹೊಳೆ ಕೊಚ್ಚಿಕೊಂಡು ಹೋದ ಜಮೀನಿನ ಪತ್ರ.
"ಇನ್ನೊಂದ್ ಇದೆ ಸಾರ್," ಎನ್ನುತ್ತಲೇ ಇದ್ದಳು.
ಪೇದೆ ಅಸ್ಸಾಮಿ ಅಕ್ಷರ ತಲೆಕೆಳಗು ಹಿಡಿದು
ತುಂಬ ಹೊತ್ತು ಓದಿದ.
ಒಂದರಲ್ಲಿ ಸಹೇರಾ, ಇನ್ನೊಂದರಲ್ಲಿ ಸಾಯೇರಾ.
"ಸಂಶಯಾಸ್ಪದ ಅಂತ ಹಾಕಿ," ಅಂದ.

ಹಾಕಿದೆ.
ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಕಾಂತರಾಜು,
ರೇಷನ್ ಕಾರ್ಡಿನಲ್ಲಿ ಕಾತರಾಜ.
ಅಜ್ಜನ ಹೆಸರಿನ ಚೀಟಿ ಒಂದೂ ನನ್ನಲ್ಲಿಲ್ಲ,
ಯಾರೂ ಕೇಳಿಲ್ಲ.

ಠಾಣೆಗೆ ಯಾರನ್ನೂ ಒಯ್ಯಲಿಲ್ಲ. ಒಯ್ಯಬೇಕಾಗಲಿಲ್ಲ.
ಆ ರಾತ್ರಿ ಒಂಬತ್ತು ಜನ ಕಡೂರಿಗೆ ಹೋಗಿ ರೈಲು ಹಿಡಿದರು,
ಕೊನೆಯ ಹದಿನೈದು ದಿನದ ಬಟವಾಡೆ ಕೇಳದೆ.
ಅದು ಯಾರ ಲೆಕ್ಕಕ್ಕೆ ಸೇರಿತೋ
ನಡಾವಳಿಯಲ್ಲಿ ಇಲ್ಲ.

ನವೆಂಬರಿನಲ್ಲಿ ಗೌಡರ ಫೋನು:
"ಹಣ್ಣು ಉದುರ್ತಾ ಇದೆ ಮಾರಾಯ. ಆ ಠರಾವು ಇನ್ನೂ ಇದೆಯಾ?"
ಇದೆ, ರದ್ದು ಮಾಡೋಕೆ ಸಭೆ ಕರೀಬೇಕು, ಅಂದೆ.
"ರದ್ದು ಯಾಕೆ? ಇರ್ಲಿ. ಕೆಳಗಿನ ಡ್ರಾಯರಿನಲ್ಲಿ ಇರ್ಲಿ.
ಭಾನುವಾರ ಈ ಕಡೆ ಬರ್ಬೇಡ, ಅಷ್ಟೆ."
ಮಾರನೇ ರಾತ್ರಿ ಟಾರ್ಪಾಲು ಮುಚ್ಚಿದ ಲಾರಿ ಬಂತು.
ಒಳಗಿನಿಂದ ಮಗುವಿನ ಕೆಮ್ಮು.

ಆಡಿಟ್ಟಿನವರು ಮೊನ್ನೆ ಪುಟ ತಿರುವುತ್ತ
ಮೂರನೇ ಸಾಲಿನ ಮೇಲೆ ಬೆರಳಿಟ್ಟರು.
"ಇದು ಯಾವ ಊರು ರೀ? ನಿಮ್ಮದಲ್ಲವಲ್ಲ."
ಟೈಪಿಂಗ್ ತಪ್ಪು ಸಾರ್, ಅಂದೆ.
ಷರಾ ಎಂಬಲ್ಲಿ ಅವರು ಏನೋ ಬರೆಯಹೋಗಿ,
ಕಾಫಿ ಬಂತು, ಬಿಟ್ಟು,
ಸಹಿ ಹಾಕಿದರು.